ನಾಯಿಯ ಸೊಂಟಕ್ಕೆ ‘ಸಿ’ ಬಂದರೆ

ಚಿಕ್ಕಬಳ್ಳಾಪುರದಿಂದ ಹೆದ್ದಾರಿ ಹಿಡಿದರೆ ಹೆಬ್ಬಾಳಕ್ಕೆ ಸುಮಾರು 50 ಕಿ.ಮೀ. ಗೌರಿಬಿದನೂರಿನವರು ದೊಡ್ಡಬಳ್ಳಾಪುರದ ಮೇಲೆ ಬರುತ್ತಾರೆ, ಚಿಂತಾಮಣಿಯವರು ಹೊಸಕೋಟೆಯ ಮೇಲೆ, ಶಿಡ್ಲಘಟ್ಟದವರು ವಿಜಯಪುರ, ದೇವನಹಳ್ಳಿ ದಾಟಿಕೊಂಡು. ದ್ರಾಕ್ಷಿ, ಗುಲಾಬಿ, ಟೊಮೆಟೊ ಹೇರಿಕೊಂಡ ಗಾಡಿಗಳ ನಡುವೆ ಹಿಂದಿನ ಸೀಟಿನಲ್ಲಿ ದೊಡ್ಡ ನಾಯಿಯನ್ನು ಕೂರಿಸಿಕೊಂಡ ಕಾರು ಕಂಡರೆ ಅದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಇನ್ನೊಂದು ನಾಯಿ ಆಸ್ಪತ್ರೆಗೋ ಹೊರಟಿರುವ ಸಾಧ್ಯತೆಯೇ ಹೆಚ್ಚು. 1958ರಲ್ಲಿ ಶುರುವಾದ ಈ ಕಾಲೇಜು ಈಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಹಾಗೆ ಹೊರಟವರಲ್ಲಿ ಹೆಚ್ಚಿನವರ ನಾಯಿಗೆ ಉಣ್ಣೆಜ್ವರ ಇರುತ್ತದೆ, ಇಲ್ಲವೇ ಮರಿಗೆ ಪಾರ್ವೊ ತಗುಲಿರುತ್ತದೆ, ಇಲ್ಲವೇ ಕಾಲು ಮುರಿದಿರುತ್ತದೆ. ಯಾವ ಕಾಯಿಲೆಯೂ ಇಲ್ಲದ, ಕುಣಿದಾಡುವ ನಾಯಿಯನ್ನು ಕರೆದೊಯ್ಯುವವರು ಬೆರಳೆಣಿಕೆಯಷ್ಟು ಮಂದಿ. ಕ್ರಾಸ್ ಮಾಡಿಸುವ ಮುನ್ನ ಅದರ ಸೊಂಟದ ಕೀಲು ಮತ್ತು ಮುಂಗಾಲಿನ ಮೊಣಕೈ ಕೀಲಿನ ಎಕ್ಸ್‌ರೇ ತೆಗೆಸಿ, ತಜ್ಞರಿಂದ ಗ್ರೇಡು ಪಡೆಯಬೇಕೆಂದು ಅವರು ಹೊರಟಿರುತ್ತಾರೆ. ಬಂದ ಗ್ರೇಡು ಒಪ್ಪಿಗೆಯಾಗದಿದ್ದರೆ ಏನು ಮಾಡಬಹುದು, ಏನು ಮಾಡಬಾರದು ಎಂಬ ತಿಳಿವಳಿಕೆ ಈ ಭಾಗದಲ್ಲಿ ಇನ್ನೂ ತೀರಾ ಕಡಿಮೆ. ಅದು ಎಲ್ಲ ಸಾಕಣೆದಾರರಿಗೂ ಬೇಕಾದ ತಿಳಿವಳಿಕೆ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷವೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ನಂದಿಬೆಟ್ಟದ ಸುತ್ತಿನ ಜಮೀನುಗಳಲ್ಲಿ ತೋಟದ ಮನೆಗಳು ಎದ್ದವು, ತೋಟದ ಮನೆಗಳ ಗೇಟಿಗೆ ನಾಯಿಗಳು ಬಂದವು. ದಾಳಿಂಬೆ, ದ್ರಾಕ್ಷಿ, ಟೊಮೆಟೊ ಬೆಳೆಯುವ ರೈತರಿಗೂ ರಾತ್ರಿ ಕಾಯಲು ನಾಯಿ ಬೇಕೇ ಬೇಕು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದಾಗ ರಾಜ್ಯದಲ್ಲಿ ಟೊಮೆಟೊ ಕಳವಿನ ಸುದ್ದಿಗಳು ಬಂದದ್ದು ಓದುಗರಿಗೆ ನೆನಪಿರಬಹುದು. ಊರನಾಯಿ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೂ ಮನಸ್ಸು ಹೋಗುವುದು ಜರ್ಮನ್ ಶೆಫರ್ಡ್, ರಾಟ್‌ವೀಲರ್, ಲ್ಯಾಬ್ರಡಾರ್‌ಗಳ ಕಡೆಗೇ. ಮರಿ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ಪೇಪರ್ ಇದೆಯಾ?’ ಎಂಬುದು. ಚೆನ್ನೈನಲ್ಲಿ ಪ್ರಧಾನ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಅದು. ಮರಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರೆಂದು ಅದರಲ್ಲಿರುತ್ತದೆ. ಅವುಗಳ ಸೊಂಟ ಹೇಗಿತ್ತು ಎಂಬ ಪ್ರಶ್ನೆಯನ್ನು ಕೇಳುವವರೂ ಅಪರೂಪ, ಕೇಳಿದರೆ ಉತ್ತರ ಕೊಡುವವರೂ ಅಪರೂಪ.

ಸೊಂಟದ ಕೀಲಿನ ರಚನೆ ಸರಳವಾದದ್ದು. ಸೊಂಟದ ಮೂಳೆಯಲ್ಲಿ ಒಂದು ಬಟ್ಟಲು, ಅದರೊಳಗೆ ತೊಡೆಮೂಳೆಯ ದುಂಡನೆಯ ತಲೆ. ಒರಳಲ್ಲಿ ಗುಂಡು ಕೂತ ಹಾಗೆ ಎರಡೂ ಬಿಗಿಯಾಗಿ ಕೂತಿರಬೇಕು. ಹಿಪ್ ಡಿಸ್‌ಪ್ಲೇಸಿಯಾ ಇರುವ ನಾಯಿಯಲ್ಲಿ ಬಟ್ಟಲು ಆಳವಿರುವುದಿಲ್ಲ, ಮೂಳೆಯ ತಲೆ ಸಡಿಲವಾಗಿ ಅತ್ತಿತ್ತ ಸರಿಯುತ್ತದೆ. ಸರಿದಾಡಿ ಸರಿದಾಡಿ ಮೃದ್ವಸ್ಥಿ ಸವೆಯುತ್ತದೆ, ಅಂಚುಗಳಲ್ಲಿ ಹೊಸ ಮೂಳೆ ಬೆಳೆಯುತ್ತದೆ, ಕೊನೆಗೆ ಸಂಧಿವಾತ. ನಾಯಿಗಳಲ್ಲಿ ಈ ದೋಷವನ್ನು ಅಮೆರಿಕದ ಪಶುವೈದ್ಯ ಗೆರ್ರಿ ಶ್ನೆಲ್ 1935ರಲ್ಲಿ ಮೊದಲು ವರದಿ ಮಾಡಿದರು. ವಿಚಿತ್ರವೆಂದರೆ ಮರಿ ಹುಟ್ಟುವಾಗ ಸೊಂಟ ಸರಿಯಾಗಿಯೇ ಇರುತ್ತದೆ. ದೋಷ ತಲೆದೋರುವುದು ಬೆಳೆಯುವ ತಿಂಗಳುಗಳಲ್ಲಿ. ಹಾಗಾಗಿ ಎರಡು ತಿಂಗಳ ಮರಿಯನ್ನು ಎತ್ತಿ, ನಡೆಸಿ, ಓಡಿಸಿ ನೋಡಿ ‘ಸೊಂಟ ಗಟ್ಟಿ ಇದೆ’ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ.

ದೋಷಕ್ಕೆ ಒಂದೇ ಜೀನ್ ಕಾರಣವಲ್ಲ, ಹಲವು ಜೀನ್‌ಗಳು ಸೇರಿ ಆಗುವಂಥದ್ದು. ಸೊಂಟ ಸರಿಯಿರುವ ಅಪ್ಪ ಅಮ್ಮನಿಗೂ ದೋಷವಿರುವ ಮರಿ ಹುಟ್ಟಬಹುದು. ಸಾಕುವ ರೀತಿಯೂ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳಲ್ಲಿ ಸಂಧಿವಾತ ತಡವಾಗಿ ಕಾಣಿಸಿಕೊಂಡಿತು. ನಾರ್ವೆಯ ಸಂಶೋಧಕರು 2012ರಲ್ಲಿ ಇನ್ನೊಂದು ಸಂಗತಿ ಹೇಳಿದರು: ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಅಪಾಯ ಹೆಚ್ಚು, ಹೊರಗೆ ಮೆತ್ತನೆಯ ನೆಲದಲ್ಲಿ ಆಡಿದ ಮರಿಗಳಲ್ಲಿ ಕಡಿಮೆ. ಗ್ರಾನೈಟ್ ಹಾಸಿನ ನುಣುಪು ನೆಲದಲ್ಲಿ ಮರಿ ಬೆಳೆಸುತ್ತ, ‘ಮೈ ತುಂಬಲಿ’ ಎಂದು ಬಟ್ಟಲು ಬಟ್ಟಲು ಹಾಲು ಅನ್ನ ಸುರಿಯುವವರು ಈ ಎರಡು ಅಧ್ಯಯನಗಳನ್ನು ಗಮನಿಸಬೇಕು. ದಷ್ಟಪುಷ್ಟ ಮರಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು ಸಿಗಬಹುದು, ಸೊಂಟಕ್ಕೆ ಅದು ಒಳ್ಳೆಯದಲ್ಲ.

ಇನ್ನು ಎಕ್ಸ್‌ರೇ ಕೋಣೆ. ಬಂದ ಗ್ರೇಡು ಒಪ್ಪದೆ ಹಾಕುವ ಮೇಲ್ಮನವಿಯ ಸೋಲು ಗೆಲುವು ನಿರ್ಧಾರವಾಗುವುದು ಹೆಚ್ಚಾಗಿ ಇಲ್ಲೇ.

ನಾಯಿಗೆ ಮಂಪರಿನ ಚುಚ್ಚುಮದ್ದು ಕೊಟ್ಟು ಅಂಗಾತ ಮಲಗಿಸುತ್ತಾರೆ. ಎರಡೂ ಹಿಂಗಾಲುಗಳನ್ನು ನೀಳವಾಗಿ ಎಳೆದು, ಒಂದಕ್ಕೊಂದು ಸಮಾಂತರವಾಗಿರಿಸಿ, ಮಂಡಿಚಿಪ್ಪು ತೊಡೆಮೂಳೆಯ ನಟ್ಟನಡುವೆ ಬರುವ ಹಾಗೆ ಒಳಕ್ಕೆ ತಿರುಗಿಸುತ್ತಾರೆ. ಚಿತ್ರ ಬಂದ ಮೇಲೆ ಮೊದಲು ನೋಡುವುದು ಸೊಂಟದ ಮೂಳೆಯ ಎರಡು ದೊಡ್ಡ ರಂಧ್ರಗಳನ್ನು. ಎರಡೂ ಒಂದೇ ಅಳತೆಯಲ್ಲಿ ಕಂಡರೆ ನಾಯಿ ನೇರವಾಗಿ ಮಲಗಿತ್ತು ಎಂದರ್ಥ. ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ ಸೊಂಟ ಒಂದು ಪಕ್ಕಕ್ಕೆ ವಾಲಿತ್ತು. ವಾಲಿದ ಚಿತ್ರದಲ್ಲಿ ಒಂದು ಕಡೆಯ ಬಟ್ಟಲು ಇರುವುದಕ್ಕಿಂತ ಆಳವಾಗಿಯೂ ಇನ್ನೊಂದು ಕಡೆಯದು ಇರುವುದಕ್ಕಿಂತ ತೆಳುವಾಗಿಯೂ ಕಾಣುತ್ತದೆ. ಎರಡೂ ತೊಡೆಮೂಳೆಗಳ ತಲೆಯ ನಡುಬಿಂದುಗಳನ್ನು ಸೇರಿಸಿ ಗೆರೆ ಎಳೆದು, ಬಟ್ಟಲಿನ ಅಂಚಿಗೆ ಇನ್ನೊಂದು ಗೆರೆ ಎಳೆದಾಗ ಸಿಗುವ ಕೋನಕ್ಕೆ ನಾರ್ಬರ್ಗ್ ಕೋನ ಎನ್ನುತ್ತಾರೆ. ಅದು 105 ಡಿಗ್ರಿ ಅಥವಾ ಹೆಚ್ಚಿದ್ದು, ಬಟ್ಟಲು ಮತ್ತು ತಲೆ ಹೊಂದಿಕೊಂಡಿದ್ದರೆ ಸೊಂಟ ಚೆನ್ನಾಗಿದೆ. 100ರ ಆಸುಪಾಸಿಗೆ ಬಂದರೆ ದೋಷ ಶುರುವಾಗಿದೆ. 90ಕ್ಕಿಂತ ಕೆಳಗೆ ಹೋದರೆ ತೀವ್ರ. ಕೆಲವೇ ಡಿಗ್ರಿಗಳ ವ್ಯತ್ಯಾಸದಲ್ಲಿ ಗ್ರೇಡು ಬದಲಾಗುವಾಗ, ನಾಯಿ ತುಸು ವಾಲಿ ಮಲಗಿದ್ದರೂ ಅದರ ಪರಿಣಾಮ ಸಣ್ಣದಲ್ಲ.

ಬೆಲ್ಜಿಯಂನ ಥುಯಾನ್‌ನಲ್ಲಿ ಕಚೇರಿ ಇರುವ, 1911ರಲ್ಲಿ ಹುಟ್ಟಿದ ಕೆನಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ಸೊಂಟಕ್ಕೆ ‘ಎ’ಯಿಂದ ‘ಇ’ವರೆಗೆ ಐದು ಗ್ರೇಡು ಇಟ್ಟಿದೆ. ‘ಎ’ ಎಂದರೆ ದೋಷವಿಲ್ಲ, ‘ಬಿ’ ಬಹುತೇಕ ಸರಿ, ‘ಸಿ’ ಅಲ್ಪ ದೋಷ, ‘ಡಿ’ ಮಧ್ಯಮ, ‘ಇ’ ತೀವ್ರ. ಎಕ್ಸ್‌ರೇ ತೆಗೆಯಲು ನಾಯಿಗೆ ಕನಿಷ್ಠ ಒಂದು ವರ್ಷ ಆಗಿರಬೇಕು, ದೈತ್ಯ ತಳಿಗಳಿಗೆ ಒಂದೂವರೆ ವರ್ಷ. ಅಮೆರಿಕದ ಒಎಫ್‌ಎ ಸಂಸ್ಥೆ 1966ರಲ್ಲಿ ಶುರುವಾಯಿತು. ಅಲ್ಲಿ ‘ಎಕ್ಸಲೆಂಟ್’ನಿಂದ ‘ಸಿವಿಯರ್’ವರೆಗೆ ಏಳು ದರ್ಜೆಗಳಿವೆ. ಅಂತಿಮ ಪ್ರಮಾಣಪತ್ರ ಸಿಗುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಬ್ರಿಟನ್ನಿನವರದು ಅಕ್ಷರವಲ್ಲ, ಅಂಕ. ಒಂದೊಂದು ಸೊಂಟದಲ್ಲೂ ಒಂಬತ್ತು ಅಂಶಗಳನ್ನು ನೋಡಿ 53ರವರೆಗೆ ಅಂಕ ಹಾಕುತ್ತಾರೆ, ಎರಡೂ ಸೇರಿದರೆ 106. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ಮೊಣಕೈಯದು ಬೇರೆಯೇ ಲೆಕ್ಕ. ನಾಯಿಯ ಮುಂಗಾಲಿನಲ್ಲಿ ಎದೆಯ ಮಟ್ಟಕ್ಕೆ ಇರುವ ಕೀಲು ಅದು, ಮೂರು ಮೂಳೆಗಳು ಸೇರುವ ಜಾಗ. ಮೊಳಕೈ ಮೂಳೆಯ ಹಿಂತುದಿಯ ಒಂದು ತುಣುಕು ನಾಲ್ಕೈದು ತಿಂಗಳ ವಯಸ್ಸಿಗೆ ಬೆಸೆದುಕೊಳ್ಳಬೇಕು. ಬೆಸೆಯದೆ ಉಳಿದರೆ ಅದೇ ಒಂದು ದೋಷ, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು. ಲ್ಯಾಬ್ರಡಾರ್, ರಾಟ್‌ವೀಲರ್‌ಗಳಲ್ಲಿ ಒಳಬದಿಯ ಸಣ್ಣ ಮುಂಚಾಚು ಬಿರುಕು ಬಿಡುವುದು ಸಾಮಾನ್ಯ. 1989ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಕೂಟ ಇದಕ್ಕೆ 0ಯಿಂದ 3ರವರೆಗಿನ ಗ್ರೇಡುಗಳನ್ನು ರೂಪಿಸಿತು. ಕೀಲಿನ ಅಂಚಿನಲ್ಲಿ ಬೆಳೆದ ಹೊಸ ಮೂಳೆ 2 ಮಿ.ಮೀ. ಒಳಗಿದ್ದರೆ ಗ್ರೇಡು 1, 2ರಿಂದ 5 ಮಿ.ಮೀ. ಇದ್ದರೆ 2, ಅದಕ್ಕೂ ಹೆಚ್ಚಿದ್ದರೆ 3. ಬೆಸೆಯದ ತುಣುಕಿನಂಥ ಮೂಲ ದೋಷವೇ ಕಣ್ಣಿಗೆ ಬಿದ್ದರೆ ಹೊಸ ಮೂಳೆ ಇರಲಿ ಬಿಡಲಿ ನೇರ 3. ಒಎಫ್‌ಎ ದಾಖಲೆಯಲ್ಲಿರುವ ರಾಟ್‌ವೀಲರ್‌ಗಳಲ್ಲಿ ನೂರಕ್ಕೆ ಸುಮಾರು 40ರ ಮೊಣಕೈಯಲ್ಲಿ ದೋಷವಿದೆ. ರಾಟ್‌ವೀಲರ್ ಸಾಕುವವರು ಸೊಂಟದ ಎಕ್ಸ್‌ರೇ ಮಾತ್ರ ತೆಗೆಸಿ ಸುಮ್ಮನಾಗುವುದು ಅರ್ಧ ಕೆಲಸ.

ಚಿಂತಾಮಣಿಯ ಸಾಕಣೆದಾರರೊಬ್ಬರ ಜರ್ಮನ್ ಶೆಫರ್ಡ್ ಹೆಣ್ಣು ನಾಯಿಗೆ ‘ಡಿ’ ಬಂತು ಎಂದಿಟ್ಟುಕೊಳ್ಳಿ. ಜರ್ಮನಿಯ ಶೆಫರ್ಡ್ ಕ್ಲಬ್ಬಿನ ಪದ್ಧತಿಯಲ್ಲಿ ‘ಎ’, ‘ಬಿ’ಗಳ ಜೊತೆಗೆ ‘ಸಿ’ಗೆ ಸಮನಾದ ‘ಇನ್ನೂ ಅನುಮತಿಯಿದೆ’ ಎಂಬ ದರ್ಜೆಯೂ ತಳಿಗೆ ನಡೆಯುತ್ತದೆ. ‘ಡಿ’ ಬಂದರೆ ಬಾಗಿಲು ಮುಚ್ಚಿತು. ಬೇರೆ ಅನೇಕ ತಳಿಗಳವರು ‘ಬಿ’ಯ ಆಚೆಗೇ ಗೆರೆ ಎಳೆದುಬಿಡುತ್ತಾರೆ. ಗೆರೆಯ ಈಚೆ ಇದ್ದರೆ ನಾಯಿಯ ಮರಿಗಳಿಗೆ ಬೇಡಿಕೆ, ಆಚೆ ಬಿದ್ದರೆ ಅದು ಮನೆಯ ನಾಯಿ ಮಾತ್ರ. ಸಾವಿರಾರು ರೂಪಾಯಿ, ಕೆಲವೊಮ್ಮೆ ಲಕ್ಷ ಸುರಿದು ತಂದ ನಾಯಿ ಆಚೆ ಬಿದ್ದಾಗ ‘ಎಕ್ಸ್‌ರೇ ಸರಿಯಾಗಿ ಬಂದಿಲ್ಲ ಸಾರ್’ ಎನ್ನುವ ಮಾತು ಸಹಜವಾಗಿಯೇ ಬಾಯಿಗೆ ಬರುತ್ತದೆ. ಅದು ಬರೀ ಹೊಟ್ಟೆ ಉರಿಯ ಮಾತು ಇರಬಹುದು, ನಿಜವೂ ಇರಬಹುದು. ಮೇಲ್ಮನವಿ ಎಂಬ ದಾರಿ ಇರುವುದು ಎರಡನೆಯದಕ್ಕೆ.

ಒಂದೊಂದು ದೇಶದ ದಾರಿ ಒಂದೊಂದು ರೀತಿ. ಜರ್ಮನ್ ಕ್ಲಬ್ಬುಗಳಲ್ಲಿ ಗ್ರೇಡು ಒಪ್ಪದ ಮಾಲೀಕರು ಮೇಲಿನ ತಜ್ಞರ ಅಭಿಪ್ರಾಯ ಕೇಳಬಹುದು. ಹಾಗೆ ಕೇಳಿದರೆ ಹಳೆಯ ಚಿತ್ರ ಸಾಲದು. ವಿಶ್ವವಿದ್ಯಾಲಯದ ಪಶು ಆಸ್ಪತ್ರೆಗೆ ನಾಯಿಯನ್ನು ಕರೆದೊಯ್ದು ಹೊಸದಾಗಿ ಎಕ್ಸ್‌ರೇ ತೆಗೆಸಬೇಕು. ಕಾಲು ಚಾಚಿದ ಮಾಮೂಲಿ ಚಿತ್ರದ ಜೊತೆಗೆ ಕಾಲು ಮಡಚಿ ಕಪ್ಪೆಯ ಭಂಗಿಯಲ್ಲಿ ತೆಗೆದ ಚಿತ್ರವೂ ಬೇಕು. ಹಳೆಯ, ಹೊಸ ಚಿತ್ರಗಳೆಲ್ಲವನ್ನೂ ನೋಡಿ ಕೊಟ್ಟ ತೀರ್ಪೇ ಕೊನೆಯದು. ಇನ್ನೊಮ್ಮೆ ಕೇಳುವಂತಿಲ್ಲ, ಗ್ರೇಡು ಮೊದಲಿಗಿಂತ ಕೆಟ್ಟು ಬಂದರೂ ಒಪ್ಪಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಒಂದು ನಾಯಿಗೆ ಜೀವಮಾನಕ್ಕೆ ಒಂದೇ ಬಾರಿ ಅಂಕ. ಅಲ್ಲಿನ ಮೇಲ್ಮನವಿ ಎಂದರೆ ಮೊದಲು ಕಳಿಸಿದ ಚಿತ್ರವನ್ನೇ ಹಿರಿಯ ಪರೀಕ್ಷಕರು ಮತ್ತೆ ನೋಡುವುದು. ಒಎಫ್‌ಎ ಪದ್ಧತಿಯಲ್ಲಿ ಮೊದಲ ಸುತ್ತಿನಲ್ಲೇ ಮೂವರು ತಜ್ಞರು ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆಯಾಗಿ ನೋಡುತ್ತಾರೆ. ಗಡಿಯ ಮೇಲಿದೆ ಎಂದು ಬಂದ ನಾಯಿಗೆ ಸುಮಾರು ಆರು ತಿಂಗಳ ನಂತರ ಮತ್ತೊಂದು ಎಕ್ಸ್‌ರೇ ತೆಗೆಸಿ ಎನ್ನುತ್ತಾರೆ. ಈ ಮೂರರಲ್ಲಿ ಜರ್ಮನ್ ಪದ್ಧತಿಯೇ ಹೆಚ್ಚು ನ್ಯಾಯವಾದದ್ದು. ಹಾಳು ಚಿತ್ರವನ್ನು ಎಷ್ಟು ಜನ ನೋಡಿದರೂ ಅದು ಹಾಳು ಚಿತ್ರವೇ. ಹೊಸ ಚಿತ್ರವನ್ನು ಮಾಲೀಕರಿಗೆ ಬೇಕಾದವರಲ್ಲಿ ತೆಗೆಸಲು ಬಿಡದೆ ವಿಶ್ವವಿದ್ಯಾಲಯಕ್ಕೇ ಹೋಗಿ ಎಂದದ್ದೂ ಸರಿಯಾದದ್ದೇ.

ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಇದ್ದೇ ಇದೆ. ಬೆಲ್ಜಿಯಂನ ಸಂಶೋಧಕರು ಒಂದೇ ಎಕ್ಸ್‌ರೇಗಳನ್ನು ಹಲವು ಪಶುವೈದ್ಯರಿಗೆ ತೋರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೋಷ ಇದೆಯೋ ಇಲ್ಲವೋ ಎಂಬುದರಲ್ಲೇ ಒಮ್ಮತ ಪೂರ್ತಿ ಇರಲಿಲ್ಲ. ಅದೇ ವರ್ಷ ಸ್ವೀಡನ್ನಿನಿಂದ ಬಂದ ಅಧ್ಯಯನ ಇನ್ನೂ ಕುತೂಹಲದ್ದು. ನಾಯಿಗೆ ಕೊಟ್ಟ ಮಂಪರು ಮದ್ದು ಯಾವುದು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತಿತ್ತು! ಅಸೆಪ್ರೊಮಜೀನ್ ಕೊಟ್ಟ ನಾಯಿಗಳಲ್ಲಿ ದೋಷ ಕಂಡದ್ದು ಕಡಿಮೆ, ಮಾಂಸಖಂಡಗಳನ್ನು ಹೆಚ್ಚು ಸಡಿಲಗೊಳಿಸುವ ಮದ್ದು ಕೊಟ್ಟಲ್ಲಿ ಹೆಚ್ಚು. ಸ್ನಾಯು ಬಿಗಿಯಿದ್ದರೆ ಸಡಿಲ ಕೀಲೂ ಗಟ್ಟಿಯಾಗಿಯೇ ಕಾಣುತ್ತದೆ. ಹಾಗಾಗಿ ಸರಿಯಾಗಿ ಮಂಪರು ಬರಿಸದೆ, ನಾಲ್ಕು ಜನ ಅದುಮಿ ಹಿಡಿದು ತೆಗೆದ ಎಕ್ಸ್‌ರೇಗೆ ಒಳ್ಳೆಯ ಗ್ರೇಡು ಬಂದರೆ ಅದರ ಮೇಲೆ ಅನುಮಾನ ಇರಬೇಕಾದದ್ದೇ. ಬೆದೆಗೆ ಬಂದ ಹೆಣ್ಣು ನಾಯಿಯಲ್ಲಿ ಹಾರ್ಮೋನ್‌ನಿಂದ ಕೀಲು ಸಡಿಲಾಗಿರುವ ಸಾಧ್ಯತೆಯಿದೆ. ಅದಕ್ಕಾಗಿ ಬೆದೆಯ ಹಿಂದು ಮುಂದಿನ ಮೂರು ನಾಲ್ಕು ವಾರ, ಮರಿಗಳು ಹಾಲು ಬಿಟ್ಟ ನಂತರದ ಮೂರು ನಾಲ್ಕು ವಾರ ಎಕ್ಸ್‌ರೇ ಬೇಡ ಎಂದು ಒಎಫ್‌ಎ ಹೇಳುತ್ತದೆ.

ಇಷ್ಟೆಲ್ಲ ತಿಳಿದವರಿಗೆ ಯಾವಾಗ ಮೇಲ್ಮನವಿ ಹಾಕಬೇಕು ಎಂಬುದೂ ಹೊಳೆಯುತ್ತದೆ. ಸೊಂಟದ ರಂಧ್ರಗಳು ಒಂದೇ ಸಮ ಇಲ್ಲದಿದ್ದರೆ, ಮಂಡಿಚಿಪ್ಪು ನಡುವೆ ಬಂದಿರದಿದ್ದರೆ, ನಾಯಿ ಬೆದೆಯಲ್ಲಿತ್ತಾದರೆ, ಚಿತ್ರದ ಮೇಲಿನ ಮೈಕ್ರೋಚಿಪ್ ಸಂಖ್ಯೆಗೂ ನಾಯಿಗೂ ಹೊಂದದಿದ್ದರೆ ಕಾರಣ ಗಟ್ಟಿಯಿದೆ. ಎಕ್ಸ್‌ರೇ ತೆಗೆದ ವೈದ್ಯರ ಹತ್ತಿರವೇ ಕೂತು ಚಿತ್ರವನ್ನು ಮತ್ತೆ ನೋಡಿ, ಬೇರೆ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಮತ್ತು ಕ್ಷ-ಕಿರಣ ವಿಭಾಗದವರಿಗೂ ತೋರಿಸಿ, ಅವರು ‘ಭಂಗಿ ಸರಿಯಿಲ್ಲ’ ಎಂದು ಹೇಳಿದರೆ ಮುಂದುವರಿಯಬಹುದು. ಅಂಚುಗಳಲ್ಲಿ ಹೊಸ ಮೂಳೆ ಬೆಳೆದು, ತೊಡೆಮೂಳೆಯ ತಲೆ ಚಪ್ಪಟೆಯಾಗಿರುವುದು ಸ್ಪಷ್ಟ ಕಾಣುತ್ತಿದ್ದರೆ ಮೇಲ್ಮನವಿಗೆ ಕೊಡುವ ಹಣ ವ್ಯರ್ಥ. ನಾಯಿಯನ್ನು ಹೇಗೇ ಮಲಗಿಸಿದರೂ ಆ ಮೂಳೆ ಮಾಯವಾಗುವುದಿಲ್ಲ. ಮೊಣಕೈಯಲ್ಲಂತೂ ಎಕ್ಸ್‌ರೇ ಅನುಮಾನಕ್ಕೆ ಬಿಟ್ಟದ್ದನ್ನು ಸಿ.ಟಿ. ಸ್ಕ್ಯಾನ್ ತೋರಿಸಿಬಿಡುತ್ತದೆ, ಆ ಉತ್ತರ ಹಲವು ಸಲ ಮಾಲೀಕರ ಪರವಾಗಿರುವುದಿಲ್ಲ. ಬಿರುಕು ಬಿಟ್ಟ ಸಣ್ಣ ತುಣುಕುಗಳು ಎಕ್ಸ್‌ರೇಗಿಂತ ಸಿ.ಟಿ.ಯಲ್ಲೇ ಚೆನ್ನಾಗಿ ಕಾಣುತ್ತವೆ.

ಇನ್ನೂ ಒಂದು ಮಾತು, ಇದು ಸಾಕಣೆದಾರರಿಗೆ ರುಚಿಸಲಿಕ್ಕಿಲ್ಲ. ‘ಡಿ’ ಮೇಲ್ಮನವಿಯಲ್ಲಿ ‘ಸಿ’ ಆಯಿತು ಎಂದರೆ ನಾಯಿಯ ಜೀನ್ ಬದಲಾಯಿತು ಎಂದಲ್ಲ. ಗಡಿಯ ಆ ಕಡೆ ಇದ್ದದ್ದು ಈ ಕಡೆ ಬಂದಿದೆ, ಅಷ್ಟೇ. ಒಂದೇ ಸೂಲಿನ ಆರು ಮರಿಗಳಲ್ಲಿ ನಾಲ್ಕಕ್ಕೆ ಸೊಂಟದ ದೋಷವಿದ್ದು, ಒಂದಕ್ಕೆ ‘ಎ’ ಬಂದಿದ್ದರೂ ಆ ‘ಎ’ ನಾಯಿಯನ್ನು ಕಣ್ಣುಮುಚ್ಚಿ ತಳಿಗೆ ಬಳಸಲಾಗದು. ಈ ಕಾರಣಕ್ಕೆ ಜರ್ಮನಿಯ ಶೆಫರ್ಡ್ ಕ್ಲಬ್ ಬಹಳ ಹಿಂದೆಯೇ ಅಪ್ಪ, ಅಮ್ಮ, ಒಡಹುಟ್ಟು, ಮರಿಗಳೆಲ್ಲದರ ಫಲಿತಾಂಶ ಸೇರಿಸಿ ಲೆಕ್ಕ ಹಾಕುವ ತಳಿಮೌಲ್ಯ ಪದ್ಧತಿಗೆ ಹೋಯಿತು. ಬ್ರಿಟನ್ನಿನ ಕೆನಲ್ ಕ್ಲಬ್ 2014ರಲ್ಲಿ ಅಂಥದ್ದನ್ನೇ ತಂದಿತು. ಒಂದು ಚಿತ್ರದಲ್ಲಿ ಆದ ತಪ್ಪು ಇಡೀ ಕುಟುಂಬದ ಲೆಕ್ಕದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಮೇಲ್ಮನವಿಗೆ ಹಣ ಇಡುವವರು ಅದೇ ಹಣದಲ್ಲಿ ಆ ನಾಯಿಯ ಒಡಹುಟ್ಟುಗಳ ಎಕ್ಸ್‌ರೇ ತೆಗೆಸಿದರೆ ತಳಿಗೆ ಹೆಚ್ಚು ಉಪಕಾರವಾದೀತು. ಗೌರಿಬಿದನೂರಿನಲ್ಲಿ ಹುಟ್ಟಿದ ಮರಿ ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಿ ಚದುರಿದ ಮೇಲೆ ಒಡಹುಟ್ಟುಗಳನ್ನು ಹುಡುಕುವುದು ಸುಲಭವಲ್ಲ, ನಿಜ. ಮಾರುವಾಗಲೇ ಕೊಂಡವರ ಫೋನ್ ನಂಬರ್ ಬರೆದಿಟ್ಟು, ಒಂದೂವರೆ ವರ್ಷಕ್ಕೆ ಎಕ್ಸ್‌ರೇ ತೆಗೆಸಿದವರಿಗೆ ಖರ್ಚಿನಲ್ಲಿ ಪಾಲು ಕೊಡುತ್ತೇನೆ ಎಂದು ಹೇಳುವ ಸಾಕಣೆದಾರರು ನಮಗೆ ಬೇಕಾಗಿದ್ದಾರೆ.

ಕಾನೂನು ಇಂಥ ತಪಾಸಣೆಯ ಹತ್ತಿರಕ್ಕೆ ಬಂದಿದೆ, ಪೂರ್ತಿ ಬಂದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮುನ್ನ ಕ್ರಾಸ್ ಮಾಡಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ಕ್ರಾಸ್‌ಗೆ ಮುನ್ನ ಆರೋಗ್ಯವಾಗಿದೆ ಎಂದು ಪಶುವೈದ್ಯರ ಪ್ರಮಾಣ ಬೇಕು. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ಮೈಕ್ರೋಚಿಪ್ ಇರಬೇಕು. 18 ತಿಂಗಳೆಂದರೆ ಎಫ್‌ಸಿಐ ದೈತ್ಯ ತಳಿಗಳಿಗೆ ಎಕ್ಸ್‌ರೇಗೆ ಇಟ್ಟಿರುವ ವಯಸ್ಸೇ. ಪಶುವೈದ್ಯರ ಆ ಪ್ರಮಾಣಪತ್ರದಲ್ಲಿ ಸೊಂಟ, ಮೊಣಕೈಯ ಗ್ರೇಡಿಗೂ ಒಂದು ಸಾಲು ಸೇರಿಸಿದರೆ ಹೊಸ ಕಾನೂನು ಬೇಕಿಲ್ಲ. ಮೈಕ್ರೋಚಿಪ್ ಇಲ್ಲದ ನಾಯಿಯ ಎಕ್ಸ್‌ರೇಗೆ ಹಲವು ದೇಶಗಳ ಪರೀಕ್ಷಕರು ಬೆಲೆ ಕೊಡುವುದಿಲ್ಲ ಎಂಬುದನ್ನು ಮೇಲ್ಮನವಿಯ ಆಸೆ ಇರುವವರು ಮೊದಲು ತಿಳಿದಿರಬೇಕು. ಚಿತ್ರ ತೆಗೆಯುವ ಹೊತ್ತಿಗೇ ಚಿಪ್ ಓದಿ, ಆ ಸಂಖ್ಯೆ ಚಿತ್ರದೊಳಗೇ ಅಚ್ಚಾಗಬೇಕು. ಆಮೇಲೆ ಪೆನ್ನಲ್ಲಿ ಬರೆದದ್ದು ನಡೆಯುವುದಿಲ್ಲ.

ನಿಷೇಧದಿಂದ ಇದೆಲ್ಲ ಸರಿಹೋಗದು. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆ ನಿಲ್ಲಿಸಲು ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬುದು ಒಂದು ಕಾರಣ. ರಾಟ್‌ವೀಲರ್ ಉಳಿಯಿತು, ಅದರ ಮೊಣಕೈಯ ಸಮಸ್ಯೆಯೂ ಉಳಿಯಿತು.

ಇತ್ತ ನಮ್ಮದೇ ನಾಯಿಯೊಂದಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೌಂಡ್. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಇದೇ ತಳಿಗಾಗಿ ಕೆಲಸ ಮಾಡುತ್ತಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಆಮೇಲೆ ಸೇನೆಯೂ ಅದನ್ನು ಪರೀಕ್ಷೆಗೆ ತೆಗೆದುಕೊಂಡಿತು. ಬೇಟೆಗೆ ಓಡುವ ತೆಳು ಮೈಯ ನಾಯಿಗಳಲ್ಲಿ ಸೊಂಟದ ದೋಷ ತೀರಾ ಕಡಿಮೆ. ಒಎಫ್‌ಎ ಪಟ್ಟಿಯಲ್ಲಿ ಗ್ರೇಹೌಂಡ್‌ಗಳಲ್ಲಿ ನೂರಕ್ಕೆ ಎರಡು ಮೂರಕ್ಕೆ ಮಾತ್ರ ದೋಷ, ಜರ್ಮನ್ ಶೆಫರ್ಡ್‌ಗಳಲ್ಲಿ ಸುಮಾರು 20ಕ್ಕೆ, ಬುಲ್‌ಡಾಗ್‌ಗಳಲ್ಲಿ 70 ದಾಟುತ್ತದೆ. ಓಡದ ನಾಯಿಯನ್ನು ಬೇಟೆಗಾರ ಸಾಕಲಿಲ್ಲ, ತಳಿಗೂ ಬಿಡಲಿಲ್ಲ. ಎಕ್ಸ್‌ರೇ ಮಾಡುವ ಕೆಲಸವನ್ನು ಅಲ್ಲಿ ಓಟವೇ ಮಾಡಿಕೊಂಡು ಬಂದಿರಬೇಕು. ಪ್ರದರ್ಶನದ ರಿಂಗಿನಲ್ಲಿ ಒಂದು ಸುತ್ತು ನಡೆದು ಬಹುಮಾನ ಗೆದ್ದ ನಾಯಿಗೆ ಅಂಥ ಪರೀಕ್ಷೆ ಇಲ್ಲ, ಅದಕ್ಕೆ ಎಕ್ಸ್‌ರೇ ಬೇಕು.

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ನಡುವೆ ಸಾಕುವವರಿಗೆ ಮತ್ತೊಂದು ತಾಪತ್ರಯ. ಉಣ್ಣೆಗೆಂದು ನಾಯಿಯ ಮೈಗೆ ಹಾಕುವ ಔಷಧಿ ಹುಳು ಮನೆಯ ಹತ್ತಿರ ಸುಳಿದರೂ ರೇಷ್ಮೆಹುಳು ಸಾಯುತ್ತದೆ. ಹೀಗಾಗಿ ನಾಯಿಯನ್ನು ದೂರದಲ್ಲಿ, ಸಿಮೆಂಟಿನ ನೆಲದ ಗೂಡಿನಲ್ಲಿ ಇಡುವುದುಂಟು. ದೊಡ್ಡ ತಳಿಯ ಮರಿಯಾದರೆ ಗೂಡಿಗೆ ಒರಟು ಚಾಪೆಯಾದರೂ ಹಾಸಿ, ದಿನಕ್ಕಿಷ್ಟು ಹೊತ್ತು ಮಣ್ಣಿನ ನೆಲದಲ್ಲಿ ಬಿಡಬೇಕು. ಮರಿ ಏಳುವಾಗ ಹಿಂಗಾಲು ಎಳೆಯುವುದು, ಓಡುವಾಗ ಎರಡೂ ಹಿಂಗಾಲನ್ನು ಮೊಲದಂತೆ ಒಟ್ಟಿಗೇ ಎತ್ತುವುದು ಕಂಡರೆ ತಳಿಯ ವಯಸ್ಸಿಗೆ ಕಾಯಬಾರದು, ಆಗಲೇ ವೈದ್ಯರಿಗೆ ತೋರಿಸಬೇಕು. ಐದು ತಿಂಗಳೊಳಗೆ ಸಿಕ್ಕಿದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಬಟ್ಟಲಿನ ಬೆಳವಣಿಗೆ ಸುಧಾರಿಸುವ ದಾರಿ ಇದೆ. ಆಮೇಲೆ ಹೆಚ್ಚಾಗಿ ಉಳಿಯುವುದು ತೊಡೆಮೂಳೆಯ ತಲೆ ತೆಗೆಯುವುದು, ಕೀಲು ಬದಲಿಸುವುದು, ಇಲ್ಲವೇ ಜೀವನಪೂರ್ತಿ ನೋವಿನ ಮಾತ್ರೆ.

ಗ್ರೇಡಿಗೆ ಚಿತ್ರ ಕಳಿಸುವ ಕೆಲಸ ಈಗ ಹಿಂದಿನಷ್ಟು ಕಷ್ಟವಲ್ಲ. ಡಿಜಿಟಲ್ ಎಕ್ಸ್‌ರೇ ಬಂದಿದೆ, ಬೆಂಗಳೂರಿನಲ್ಲಿ ತೆಗೆದ ಚಿತ್ರವನ್ನು ಅಂದೇ ಹೊರದೇಶದ ಪರೀಕ್ಷಕರಿಗೆ ಕಳಿಸಬಹುದು. ಒಎಫ್‌ಎ ಬೇರೆ ದೇಶಗಳ ನಾಯಿಗಳ ಚಿತ್ರವನ್ನೂ ತೆಗೆದುಕೊಳ್ಳುತ್ತದೆ. ಅವರ ಅರ್ಜಿಯಲ್ಲಿ ಸಾಕಣೆದಾರರು ಓದದೆ ದಾಟಬಾರದ ಒಂದು ಜಾಗವಿದೆ. ಒಳ್ಳೆಯ ಗ್ರೇಡು ಬಂದರೆ ಅದು ತಾನಾಗಿಯೇ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ದೋಷದ ಗ್ರೇಡು ಬಂದರೆ, ಮಾಲೀಕರು ‘ಪ್ರಕಟಿಸಿ’ ಎಂದು ಆ ಜಾಗದಲ್ಲಿ ಮೊದಲೇ ಕಿರುಸಹಿ ಹಾಕಿದ್ದರೆ ಮಾತ್ರ ಹೊರಬರುತ್ತದೆ. ಬ್ರಿಟನ್ನಿನಲ್ಲೂ ಸ್ವೀಡನ್ನಿನಲ್ಲೂ ಈ ಆಯ್ಕೆಯೇ ಇಲ್ಲ, ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ದಾಖಲೆಗೆ ಸೇರುತ್ತವೆ. ಚಿಕ್ಕಬಳ್ಳಾಪುರದ ಕಡೆಯಿಂದ ಮರಿ ಕೊಳ್ಳಲು ಹೋಗುವವರು ಪೇಪರ್ ಜೊತೆಗೆ ಅಪ್ಪ ಅಮ್ಮನ ಸೊಂಟ, ಮೊಣಕೈಯ ಗ್ರೇಡುಪತ್ರ ಕೇಳಲಿ. ಮೇಲ್ಮನವಿ ಹಾಕಿದ್ದರೆ ಮೊದಲ ಗ್ರೇಡು ಏನಿತ್ತು, ಎರಡನೆಯ ಎಕ್ಸ್‌ರೇ ಎಲ್ಲಿ ತೆಗೆಸಿದ್ದು, ಆ ಕಿರುಸಹಿ ಹಾಕಿದ್ದರೇ ಎಂದೂ ಕೇಳಲಿ.